ನಿಮಗಿದು ಗೊತ್ತೇ? – ಹಿಂದಿನ ನಂಟು, ಇಂದಿನ ನಿಷ್ಠೆ

ಲಗ್ನದ ಹಂಗಾಮು ಬಂತೆಂದರೆ ಬೀದರಿನ ನೌಬಾದದ ಕಿರಾಣಿ ಅಂಗಡಿಯವರಿಗೆ, ಆಟೊದವರಿಗೆ, ಭಾಲ್ಕಿ–ಔರಾದ ಕಡೆಯ ನೆಂಟರಿಗೆ ಒಂದು ಕೆಲಸ ಹೆಚ್ಚುತ್ತದೆ. ಬೀಗರಾಗಬೇಕೆಂದಿರುವವರು ಬಂದು ಮೆಲ್ಲಗೆ ವಿಚಾರಿಸುತ್ತಾರೆ: ‘ಹುಡುಗಿ ಹ್ಯಾಂಗದಾಳ್ರೀ?’ ಅವರು ಕೇಳುತ್ತಿರುವುದು ಅಡುಗೆಯ ಬಗ್ಗೆ ಅಲ್ಲ, ಓದಿನ ಬಗ್ಗೆಯೂ ಅಲ್ಲ. ಮದುವೆಗೆ ಮುಂಚೆ ಯಾರ ಜೊತೆಗಾದರೂ ಏನಾದರೂ ಇತ್ತೇ, ಇದ್ದರೆ ಮುಂದೆ ನೆಟ್ಟಗೆ ಬಾಳುವೆ ಮಾಡಿಯಾಳೇ ಎಂಬುದು ಅವರ ಚಿಂತೆ. ಹುಡುಗನ ವಿಚಾರಣೆ ನೌಕರಿ, ಹೊಲ, ಕುಡಿತದ ಚಟ ಇಷ್ಟಕ್ಕೆ ಮುಗಿಯುತ್ತದೆ. ಆ ಅರೆಬಾಯಿಯ ಪ್ರಶ್ನೆಯನ್ನು ಇಲ್ಲಿ ಬಾಯಿಬಿಟ್ಟೇ ಕೇಳೋಣ: ಹಿಂದಿನ ದೈಹಿಕ ಸಂಬಂಧಕ್ಕೂ ಮುಂದಿನ ನಿಷ್ಠೆಗೂ ನಂಟಿದೆಯೇ?

◆ ಇದೆ, ಆದರೆ ಊಹಿಸಿದಷ್ಟು ನೇರವಾಗಿಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ನಿಕೋಲಸ್ ವುಲ್ಫಿಂಗರ್ 2016ರಲ್ಲಿ ಅಲ್ಲಿನ ರಾಷ್ಟ್ರೀಯ ಸಮೀಕ್ಷೆಯ ಲೆಕ್ಕ ಬಿಡಿಸಿದರು. 2000ದ ದಶಕದಲ್ಲಿ ಮದುವೆಯಾದ ಹೆಂಗಸರ ಪೈಕಿ, ಮದುವೆಗೆ ಮುಂಚೆ ಯಾರೊಂದಿಗೂ ದೈಹಿಕ ಸಂಬಂಧವಿಲ್ಲದವರಲ್ಲಿ ಐದು ವರ್ಷದೊಳಗೆ ಮದುವೆ ಮುರಿದುಕೊಂಡವರು ಶೇ 6ರಷ್ಟು. ಹತ್ತು ಅಥವಾ ಹೆಚ್ಚು ಸಂಗಾತಿಗಳಿದ್ದವರಲ್ಲಿ ಶೇ 33.

◆ ಇಷ್ಟನ್ನೇ ಓದಿ ತೀರ್ಪು ಕೊಡುವವರು ಅದೇ ಕೋಷ್ಟಕದ ನಡುಸಾಲು ನೋಡಬೇಕು. ಇಬ್ಬರು ಸಂಗಾತಿಗಳಿದ್ದವರಲ್ಲಿ ಮುರಿದ ಮದುವೆಗಳು ಶೇ 30ರ ಆಸುಪಾಸು. ಮೂರರಿಂದ ಒಂಬತ್ತು ಸಂಗಾತಿಗಳಿದ್ದವರಲ್ಲಿ ಅದಕ್ಕಿಂತ ಕಡಿಮೆ! ಸಂಖ್ಯೆ ಹೆಚ್ಚಿದಂತೆಲ್ಲ ಮದುವೆ ಸಡಿಲವಾಗುತ್ತದೆ ಎನ್ನುವುದಾದರೆ ಹೀಗೆ ಆಗಬಾರದಿತ್ತು. ಸಂಖ್ಯೆಯ ಹಿಂದೆ ಬೇರೇನೋ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಆ ‘ಬೇರೇನೋ’ದಲ್ಲಿ ಒಂದು ಪಾಲು ಧರ್ಮಶ್ರದ್ಧೆ. ಮದುವೆಯವರೆಗೆ ಕಾದ ಹೆಂಗಸರಲ್ಲಿ ವಾರವಾರ ಚರ್ಚಿಗೆ ಹೋಗುವವರು ಹೆಚ್ಚು. ಅವರ ಮದುವೆ ಉಳಿಯುವುದರಲ್ಲಿ ಕಾದದ್ದರ ಪಾಲೆಷ್ಟು, ವಿಚ್ಛೇದನವನ್ನೇ ಒಪ್ಪದ ಮನೆತನದ ಪಾಲೆಷ್ಟು? ಬಿಡಿಸಿ ಹೇಳುವುದು ಸುಲಭವಲ್ಲ.

◆ ಕೊನೆಗೆ ಕೈಹಿಡಿದ ಗಂಡನೊಂದಿಗೆ ಮಾತ್ರ ಮದುವೆಗೆ ಮುಂಚೆ ಸಂಬಂಧವಿದ್ದ ಹೆಂಗಸರಿಗೆ ವಿಚ್ಛೇದನದ ಅಪಾಯ ಹೆಚ್ಚೇನಲ್ಲ. ಜೇ ಟೀಚ್‌ಮನ್ ಎಂಬ ಸಂಶೋಧಕರು 2003ರಲ್ಲಿ ಇದನ್ನು ತೋರಿಸಿದರು.

◆ ಅವಕಾಶ ಎಂಬುದೂ ಒಂದು ಕಾರಣ. ಜೂಡಿತ್ ಟ್ರೀಸ್ ಮತ್ತು ಡಿಯರ್ಡ್ರ ಗೀಸೆನ್ ಅವರ 2000ದ ಅಧ್ಯಯನದಲ್ಲಿ ಹಿಂದಿನ ಸಂಗಾತಿಗಳ ಸಂಖ್ಯೆಯ ಜೊತೆಗೇ ಮನೋಭಾವ ಮತ್ತು ಅವಕಾಶ ಕೂಡ ದಾಂಪತ್ಯದ ಹೊರಗಿನ ಸಂಬಂಧಕ್ಕೆ ತಳಕು ಹಾಕಿಕೊಂಡಿದ್ದವು. ಹೈದರಾಬಾದ್, ಪುಣೆ, ಮುಂಬೈಗೆ ದುಡಿಯಲು ಹೋಗಿ ತಿಂಗಳುಗಟ್ಟಲೆ ಮನೆಯಿಂದ ದೂರವಿರುವ ಗಂಡಸರ ಜಿಲ್ಲೆ ನಮ್ಮದು. ಹುಡುಗಿಯ ಕಾಲೇಜಿನ ದಿನಗಳನ್ನು ಕೆದಕುವವರು ಈ ದೂರದ ಬಗ್ಗೆಯೂ ಒಂದು ಮಾತು ಕೇಳಬೇಕಲ್ಲವೇ?

◆ ಈಗ ಬಹಳ ಮುಖ್ಯವಾದ ಒಂದು ಸಂಗತಿ. ಹಿಂದೆ ಸಂಬಂಧ ಇತ್ತೇ ಎಂಬುದು ಒಂದು ಪ್ರಶ್ನೆ. ಹಿಂದೆ ಕೊಟ್ಟ ಮಾತು ಮುರಿದಿದ್ದರೇ ಎಂಬುದು ಪೂರಾ ಬೇರೆ ಪ್ರಶ್ನೆ. ಎರಡನ್ನೂ ಒಂದೇ ಚೀಲಕ್ಕೆ ತುಂಬುವುದರಿಂದಲೇ ನಮ್ಮಲ್ಲಿ ಇಷ್ಟು ಅನ್ಯಾಯ ನಡೆಯುತ್ತಿದೆ. ಡೆನ್ವರ್ ವಿಶ್ವವಿದ್ಯಾಲಯದ ಸಂಶೋಧಕರು 484 ಮಂದಿ ಅವಿವಾಹಿತ ಯುವಜನರನ್ನು ಒಂದು ಸಂಬಂಧದಿಂದ ಮುಂದಿನ ಸಂಬಂಧದವರೆಗೆ ಹಿಂಬಾಲಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲ ಸಂಬಂಧದಲ್ಲಿ ಸಂಗಾತಿಗೆ ಮೋಸ ಮಾಡಿದ್ದವರು ಮುಂದಿನದರಲ್ಲೂ ಮೋಸ ಮಾಡುವ ಸಂಭವ, ಮಾಡದಿದ್ದವರಿಗಿಂತ ಮೂರು ಪಟ್ಟು. ಹಾಗೆಂದು ಅದು ಹಣೆಬರಹವೂ ಅಲ್ಲ: ಒಮ್ಮೆ ಮೋಸ ಮಾಡಿದವರಲ್ಲಿ ಅರ್ಧಕ್ಕೂ ಹೆಚ್ಚು ಜನ ಎರಡನೆಯ ಬಾರಿ ಮಾಡಲಿಲ್ಲ.

◆ ಅದೇ ಅಧ್ಯಯನದ ಇನ್ನೊಂದು ಅಂಶಕ್ಕೆ ಪತ್ರಿಕೆಗಳಲ್ಲಿ ಅಷ್ಟು ಜಾಗ ಸಿಗಲಿಲ್ಲ. ಹಿಂದಿನ ಸಂಗಾತಿಯ ಮೇಲೆ ಸಂಶಯಪಟ್ಟವರು ಹೊಸ ಸಂಗಾತಿಯ ಮೇಲೂ ಸಂಶಯಪಡುವ ಸಂಭವ ನಾಲ್ಕು ಪಟ್ಟು. ಮೋಸಕ್ಕಿಂತ ಸಂಶಯವೇ ಹೆಚ್ಚು ಗಟ್ಟಿಯಾಗಿ ಬೆನ್ನು ಹತ್ತುತ್ತದೆ. ‘ಅನುಮಾನಂ ಪೆನುಭೂತಂ’ (ಅನುಮಾನವೇ ಹೆಬ್ಭೂತ) ಎಂದು ಜಹೀರಾಬಾದ್ ಕಡೆಯ ತೆಲುಗು ನೆಂಟರು ಹೇಳುವುದನ್ನು ನೀವೂ ಕೇಳಿರುತ್ತೀರಿ.

◆ ಮಾತು ಮುರಿಯುವುದು ಬೇರೆ, ಹಿಂದಿನ ಬದುಕು ಬೇರೆ ಎಂಬುದನ್ನು ಡೆನ್ವರ್‌ಗಿಂತ ಎಂಟು ಶತಮಾನ ಮೊದಲೇ ನಮ್ಮ ಜಿಲ್ಲೆಯಲ್ಲೇ ಒಬ್ಬಾಕೆ ಹೇಳಿದ್ದಳು. ನೌಬಾದದಿಂದ ಬಸವಕಲ್ಯಾಣ ಸುಮಾರು 80 ಕಿ.ಮೀ. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರ ಬಳಗದಲ್ಲಿ ಸೂಳೆ ಸಂಕವ್ವೆ ಇದ್ದಳು. ವೃತ್ತಿಯನ್ನು ಹೆಸರಿನಲ್ಲೇ ಉಳಿಸಿಕೊಂಡವಳು, ‘ನಿರ್ಲಜ್ಜೇಶ್ವರ’ ಎಂಬ ಅಂಕಿತ ಇಟ್ಟುಕೊಂಡವಳು. ಅವಳದೆಂದು ನಮಗೆ ಉಳಿದಿರುವುದು ಒಂದೇ ವಚನ, ಅದು ನಿಷ್ಠೆಯ ವಚನ. ಒಬ್ಬನಿಂದ ಮುಂಗಡ ಪಡೆದು ಮಾತು ಕೊಟ್ಟ ಮೇಲೆ ಇನ್ನೊಬ್ಬನ ಹಣಕ್ಕೆ ಕೈಯೊಡ್ಡಿದರೆ ಘೋರ ಶಿಕ್ಷೆ ಕಾದಿದೆ, ತಾನು ಹಾಗೆ ಮಾಡೆನು ಎಂದು ಆಕೆ ಆಣೆ ಇಡುತ್ತಾಳೆ. ವೃತ್ತಿಯ ಆ ಮಾತನ್ನೇ ದೇವರೊಂದಿಗಿನ ಮಾತಿಗೂ ಒಡ್ಡುತ್ತಾಳೆ. ಎಷ್ಟು ಜನರ ಸಂಗ ಮಾಡಿದಳು ಎಂದು ಲೆಕ್ಕ ಹಾಕುವವರ ಎದುರು, ಕೊಟ್ಟ ಮಾತು ಎಷ್ಟು ಸಲ ಮುರಿದಳು ಎಂಬ ಲೆಕ್ಕವನ್ನು ಆಕೆ ಇಟ್ಟಳು: ಒಮ್ಮೆಯೂ ಇಲ್ಲ. ಸಂಕವ್ವೆಯನ್ನು ಶರಣೆ ಎಂದು ಒಪ್ಪಿಕೊಂಡ ನೆಲದಲ್ಲಿ ಇಂದು ಒಂದು ಹಳೆಯ ಫೋಟೊದ ಕಾರಣಕ್ಕೆ ನಿಶ್ಚಯವಾದ ಮದುವೆ ಮುರಿಯುವುದನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ.

◆ ಕನ್ನಡ ಕಾವ್ಯದ ಅತಿ ಪ್ರಸಿದ್ಧ ದಾಂಪತ್ಯದ್ರೋಹಕ್ಕೆ ಯಾವ ‘ಹಿಂದಿನ ಕಥೆ’ಯೂ ಇಲ್ಲ. 1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ಯ ಅಮೃತಮತಿ ಗಂಡನ ಪ್ರೀತಿ ಪಡೆದ ರಾಣಿ. ಒಂದು ರಾತ್ರಿ ಮಾವುತ ಅಷ್ಟಾವಂಕನ ಹಾಡು ಕೇಳಿಸಿತು, ಮನಸ್ಸು ಜಾರಿತು.

◆ ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲಿ (1988) ಹಾವು ಹಿಡಿದು ಪಾತಿವ್ರತ್ಯದ ಆಣೆ ಮಾಡಬೇಕಾದವಳು ರಾಣಿ ಎಂಬ ಹೆಸರಿನ ಹೆಂಡತಿ. ದಿನವೂ ಇನ್ನೊಬ್ಬಳ ಮನೆಗೆ ಹೋಗುವ ಅವಳ ಗಂಡ ಅಪ್ಪಣ್ಣನಿಗೆ ಪಂಚಾಯಿತಿ ಯಾವ ಆಣೆಯನ್ನೂ ಕೇಳುವುದಿಲ್ಲ.

◆ ‘ನಿನಗೆ ಎಷ್ಟು ಜನ?’ ಎಂಬ ಪ್ರಶ್ನೆಗೆ ಬರುವ ಉತ್ತರವನ್ನು ನಂಬಬಹುದೇ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ ಗಂಡಸರು ಜೀವಮಾನದ ಸರಾಸರಿ ಸಂಗಾತಿಗಳು 2.1 ಎಂದರು, ಹೆಂಗಸರು 1.7 ಎಂದರು. ಬ್ರಿಟನ್ನಿನಲ್ಲಿ ಗಂಡಸರ ಸರಾಸರಿ 14, ಹೆಂಗಸರದು 7. ಸಂಬಂಧಕ್ಕೆ ಇಬ್ಬರು ಬೇಕಲ್ಲ. ಗಂಡು–ಹೆಣ್ಣಿನ ಸಂಖ್ಯೆ ಹೆಚ್ಚುಕಡಿಮೆ ಸಮ ಇರುವ ಸಮಾಜದಲ್ಲಿ ಎರಡೂ ಸರಾಸರಿ ಹತ್ತಿರ ಹತ್ತಿರ ಇರಲೇಬೇಕು. ಗ್ಲ್ಯಾಸ್ಗೋದ ಸಂಶೋಧಕರು 2018ರಲ್ಲಿ ಹುಡುಕಿದ ಕಾರಣಗಳು ಹಲವು. ಗಂಡಸರು ಎಣಿಸುವ ಬದಲು ಅಂದಾಜು ಹೇಳುತ್ತಾರೆ, ತೀರ ದೊಡ್ಡ ಸಂಖ್ಯೆ ಹೇಳುವ ಕೆಲವರು ಸರಾಸರಿಯನ್ನೇ ಎತ್ತುತ್ತಾರೆ, ಹೆಂಗಸರು ಇಂಥದ್ದನ್ನು ಹೇಳಲು ಹಿಂಜರಿಯುತ್ತಾರೆ.

◆ ಆ ಹಿಂಜರಿಕೆಯನ್ನು ಅಳೆದದ್ದೂ ಉಂಟು. 2003ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಸುಳ್ಳು ಪತ್ತೆ ಯಂತ್ರದಂತೆ ಕಾಣುವ ತಂತಿಗಳನ್ನು ಜೋಡಿಸಿ ಪ್ರಶ್ನೆ ಕೇಳಿದರು. ತಮ್ಮ ಉತ್ತರವನ್ನು ಯಾರಾದರೂ ನೋಡಿಬಿಡಬಹುದು ಎಂದುಕೊಂಡಿದ್ದ ಹುಡುಗಿಯರು ಹೇಳಿದ ಸರಾಸರಿ 2.6, ಯಂತ್ರಕ್ಕೆ ಹೆದರಿದವರದು 4.4. ಹುಡುಗರ ಉತ್ತರ ಹೆಚ್ಚು ಅಲುಗಾಡಲಿಲ್ಲ. ಶಿಕ್ಷೆ ಯಾರಿಗೋ ಸುಳ್ಳಿನ ಅಗತ್ಯವೂ ಅವರಿಗೇ.

◆ ನಮ್ಮ ನೆರೆಯವರ ಅಂಕಿ: 2006–07ರಲ್ಲಿ ಮಹಾರಾಷ್ಟ್ರ, ಅಂದಿನ ಅವಿಭಜಿತ ಆಂಧ್ರ ಸೇರಿ ಆರು ರಾಜ್ಯಗಳಲ್ಲಿ ನಡೆದ ಯುವಜನ ಅಧ್ಯಯನದಲ್ಲಿ ಮದುವೆಗೆ ಮುಂಚಿನ ದೈಹಿಕ ಸಂಬಂಧ ಹೇಳಿಕೊಂಡವರು ಯುವಕರಲ್ಲಿ ಶೇ 15, ಯುವತಿಯರಲ್ಲಿ ಶೇ 4. ಬೀದರ್ ಈ ಎರಡು ಸೀಮೆಗಳ ನಡುವೆ ಕೂತ ಜಿಲ್ಲೆ. ಕಳೆದ ಹನ್ನೆರಡು ತಿಂಗಳಲ್ಲಿ ಹೆಂಡತಿಯೂ ಅಲ್ಲದ, ಜೊತೆಗೆ ಬಾಳುತ್ತಿರುವವಳೂ ಅಲ್ಲದ ಹೆಣ್ಣಿನ ಸಂಗ ಮಾಡಿದವರು 2019–21ರ ಸಮೀಕ್ಷೆಯ ಗಂಡಸರಲ್ಲಿ ಶೇ 4ರ ಸುಮಾರು. ಹೆಂಗಸರ ಕಡೆಯ ಇದೇ ಲೆಕ್ಕ ಶೇ 0.5. ಹೆಂಗಸರು ಮುಚ್ಚಿಟ್ಟದ್ದನ್ನು ಕಳೆದರೂ ಅಂತರ ಸಣ್ಣದಲ್ಲ. ವಿಚಾರಣೆ ನಡೆಯುವ ಬಾಗಿಲು ಮಾತ್ರ ಹುಡುಗಿಯ ಮನೆಯದು.

◆ ದೇಹ ನೋಡಿ ಕನ್ಯತ್ವ ಹೇಳಬಲ್ಲ ಪರೀಕ್ಷೆ ಜಗತ್ತಿನಲ್ಲೇ ಇಲ್ಲ. ಹುಟ್ಟಿನಿಂದಲೇ ಕನ್ಯಾಪೊರೆಯ ಆಕಾರ ಒಬ್ಬೊಬ್ಬರಲ್ಲಿ ಒಂದೊಂದು ತೆರ. ಮೊದಲ ರಾತ್ರಿ ರಕ್ತ ಬರಲೇಬೇಕೆಂದಿಲ್ಲ. 2004ರಲ್ಲಿ ಪ್ರಕಟವಾದ ಅಮೆರಿಕದ ವೈದ್ಯರ ಅಧ್ಯಯನವೊಂದರಲ್ಲಿ 36 ಮಂದಿ ಗರ್ಭಿಣಿ ಹುಡುಗಿಯರನ್ನು ಪರೀಕ್ಷಿಸಿದಾಗ, ಸಂಭೋಗ ನಡೆದಿದೆ ಎಂದು ಖಚಿತವಾಗಿ ಹೇಳಬಹುದಾದ ಗುರುತು ಕಂಡದ್ದು ಇಬ್ಬರಲ್ಲಿ ಮಾತ್ರ. ಹೊಟ್ಟೆಯಲ್ಲಿ ಕೂಸಿದ್ದವರಲ್ಲೇ ಹೀಗೆ! 2018ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಇನ್ನೆರಡು ಅಂಗಗಳು ಈ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ, ಎಲ್ಲೆಡೆ ನಿಲ್ಲಿಸಿ ಎಂದು ಜಂಟಿಯಾಗಿ ಹೇಳಿದವು.

◆ ಪಕ್ಕದ ಮಹಾರಾಷ್ಟ್ರದಲ್ಲಿ ಕಂಜರಭಾಟ ಸಮುದಾಯದ ಯುವಕ–ಯುವತಿಯರೇ ಮುಂದೆ ನಿಂತು, ಮೊದಲ ರಾತ್ರಿಯ ಬಿಳಿ ಬಟ್ಟೆಯ ಪರೀಕ್ಷೆಯ ವಿರುದ್ಧ ಚಳವಳಿ ಕಟ್ಟಿದರು. ಬಹಿಷ್ಕಾರದ ಬೆದರಿಕೆ ಎದುರಿಸಿದರು, 2018ರಲ್ಲಿ ಪುಣೆಯಲ್ಲಿ ಹೊಡೆತವನ್ನೂ ತಿಂದರು. 2019ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರ ಸರ್ಕಾರ ಇಂಥ ಪರೀಕ್ಷೆಯನ್ನು ಲೈಂಗಿಕ ದೌರ್ಜನ್ಯವೆಂದು ಪರಿಗಣಿಸುವುದಾಗಿ ಪ್ರಕಟಿಸಿತು. ತಮ್ಮದೇ ಜನರ ಎದುರು ನಿಂತು ಇದನ್ನು ಸಾಧಿಸಿದ ಆ ಮಕ್ಕಳಿಗೆ ಎಷ್ಟು ಕೈಮುಗಿದರೂ ಸಾಲದು.

◆ ಕಾನೂನಿನ ಮಾತಿಗೆ ಬರೋಣ. ಹಿಂದೂ ವಿವಾಹ ಕಾಯ್ದೆ (1955) ವಿಚ್ಛೇದನಕ್ಕೆ ಕಾರಣವಾಗಿ ಒಪ್ಪುವುದು ಮದುವೆ ‘ಆದ ಮೇಲೆ’ ಇನ್ನೊಬ್ಬರೊಂದಿಗೆ ಸ್ವಇಚ್ಛೆಯಿಂದ ನಡೆದ ಸಂಬಂಧವನ್ನು. ಮದುವೆಗೆ ಮುಂಚಿನ ಪ್ರೀತಿ, ಸಂಬಂಧ ವಿಚ್ಛೇದನದ ಕಾರಣಗಳ ಪಟ್ಟಿಯಲ್ಲೇ ಇಲ್ಲ. ಮದುವೆಯ ಹೊತ್ತಿಗೆ ಹೆಣ್ಣು ಬೇರೊಬ್ಬನಿಂದ ಗರ್ಭಿಣಿಯಾಗಿದ್ದು, ಗಂಡಿಗೆ ಅದು ತಿಳಿದಿರದಿದ್ದರೆ ಮದುವೆ ರದ್ದು ಕೇಳಬಹುದು. ಅದಕ್ಕೂ ಒಂದು ವರ್ಷದ ಗಡುವಿದೆ.

◆ ಗಂಡ ಹೆಂಡತಿಯ ನಡತೆಯ ಮೇಲೆ ಕೋರ್ಟಿನ ಕಾಗದದಲ್ಲಿ ಆಧಾರವಿಲ್ಲದ ಕೆಸರೆರಚಿದರೆ ಅದೇ ಮಾನಸಿಕ ಕ್ರೌರ್ಯ, ಹೆಂಡತಿಗೆ ವಿಚ್ಛೇದನ ಕೊಡಲು ಅದೇ ಸಾಕು ಎಂದು ಸುಪ್ರೀಂ ಕೋರ್ಟ್ 2003ರ ಏಪ್ರಿಲ್‌ನಲ್ಲಿ ಹೇಳಿತು. ಅವಳನ್ನು ಕಟ್ಟಿಹಾಕಲೆಂದು ಹೊರಿಸಿದ ಸಂಶಯವೇ ಅವಳ ಬಿಡುಗಡೆಯ ಕಾರಣವಾಯಿತು. ಮುಸ್ಲಿಂ ಕಾನೂನಿನಲ್ಲಿ ಇದೇ ನ್ಯಾಯ ಬಹಳ ಹಳೆಯದು. ಗಂಡ ಸುಳ್ಳು ವ್ಯಭಿಚಾರದ ಆರೋಪ ಹೊರಿಸಿದರೆ ‘ಲಿಆನ್’ ಎಂಬ ನಿಯಮದ ಮೇಲೆ ಹೆಂಡತಿ ಮದುವೆಯಿಂದ ಬಿಡುಗಡೆ ಕೇಳಬಹುದು. ಬೀದರಿನಲ್ಲಿ ದೊಡ್ಡ ಸಂಖ್ಯೆಯಲ್ಲಿರುವ ಕ್ರೈಸ್ತ ಕುಟುಂಬಗಳ ಹೆಣ್ಣುಮಕ್ಕಳಿಗೆ ಮಾತ್ರ ಸಮಾನತೆ ತಡವಾಗಿ ಬಂತು. 1869ರ ವಿಚ್ಛೇದನ ಕಾಯ್ದೆಯ ಪ್ರಕಾರ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕಿತ್ತು; ಹೆಂಡತಿಯಾದರೆ ಅದರ ಜೊತೆಗೆ ಕ್ರೌರ್ಯವನ್ನೋ ಮತ್ತೇನನ್ನೋ ಸಾಬೀತು ಮಾಡಬೇಕಿತ್ತು. ಅದು ಸರಿಹೋದದ್ದು 2001ರಲ್ಲಿ.

◆ ‘ರಣಧೀರ’ ಚಿತ್ರದ ಖುಷ್ಬೂ ನೆನಪಿರಬೇಕು. ಓದಿದ ಗಂಡಸು ತನ್ನ ಹೆಂಡತಿ ಕನ್ಯೆಯಾಗಿಯೇ ಬರಬೇಕೆಂದು ನಿರೀಕ್ಷಿಸಬಾರದು ಎಂಬ ಅರ್ಥದ ಮಾತನ್ನು 2005ರಲ್ಲಿ ಪತ್ರಿಕೆಯೊಂದಕ್ಕೆ ಹೇಳಿದ್ದಕ್ಕೆ ಅವರ ಮೇಲೆ 23 ಕ್ರಿಮಿನಲ್ ದೂರುಗಳು ದಾಖಲಾದವು. 2010ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಅಷ್ಟನ್ನೂ ವಜಾ ಮಾಡಿತು. ವಯಸ್ಕರಿಬ್ಬರು ಒಪ್ಪಿ ಕೂಡುವುದು, ಮದುವೆಯಾಗಿರದಿದ್ದರೂ, ನಮ್ಮ ಕಾನೂನಿನಲ್ಲಿ ಅಪರಾಧವಲ್ಲ.

◆ ವ್ಯಭಿಚಾರ ಅಪರಾಧವಾಗಿದ್ದದ್ದು 2018ರ ಸೆಪ್ಟೆಂಬರ್ 27ರವರೆಗೆ. ಐಪಿಸಿ 497ರಲ್ಲಿ ದೂರು ಕೊಡುವ ಹಕ್ಕು ಗಂಡನಿಗೆ ಇತ್ತು, ಹೆಂಡತಿಗೆ ಇರಲಿಲ್ಲ. ಗಂಡನ ‘ಒಪ್ಪಿಗೆ’ ಇದ್ದರೆ ಅಪರಾಧವೇ ಇರಲಿಲ್ಲ. ಹೆಂಡತಿಯನ್ನು ಆಸ್ತಿಯಂತೆ ಕಂಡ ಈ ಕಲಮನ್ನು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಕಿತ್ತುಹಾಕಿದರು. ಆ ತೀರ್ಪಿಗೆ ಆಧಾರವಾದವುಗಳಲ್ಲಿ ಒಂದು 2017ರ ಖಾಸಗಿತನದ ತೀರ್ಪು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

◆ ಬೀದರಿನ ವಾಯುನೆಲೆಯಲ್ಲಿರುವ ಯೋಧರಿಗೆ ವ್ಯಭಿಚಾರ ಅಪರಾಧವಲ್ಲ ಎಂಬ ಈ ಮಾತು ಪೂರ್ತಿ ಅನ್ವಯಿಸದು. ಸೇನಾಪಡೆಗಳು ಇಂಥ ನಡತೆಗೆ ತಮ್ಮ ಶಿಸ್ತಿನ ಕಾಯ್ದೆಗಳಡಿ ಕ್ರಮ ಕೈಗೊಳ್ಳಬಹುದು ಎಂದು 2023ರ ಜನವರಿಯಲ್ಲಿ ಸ್ಪಷ್ಟವಾಯಿತು.

◆ ಅತ್ಯಾಚಾರದ ಮೊಕದ್ದಮೆಯಲ್ಲಿ ಹೆಣ್ಣಿನ ‘ಹಿಂದಿನ ನಡತೆ’ಯನ್ನು ಎತ್ತಿ ಅವಳ ಸಾಕ್ಷ್ಯವನ್ನು ಹಗುರ ಮಾಡಲು ಸಾಕ್ಷ್ಯ ಕಾಯ್ದೆಯಲ್ಲೇ ಅವಕಾಶವಿತ್ತು. 2002ರ ತಿದ್ದುಪಡಿ ಅದನ್ನು ತೆಗೆಯಿತು. ‘ಎರಡು ಬೆರಳಿನ ಪರೀಕ್ಷೆ’ ಮಾಡಿದ ವೈದ್ಯರನ್ನು ದುರ್ನಡತೆಯ ತಪ್ಪಿತಸ್ಥರೆಂದು ಪರಿಗಣಿಸಬೇಕು ಎಂದು 2022ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಹಿಂದೆ ಯಾರೊಂದಿಗೋ ಒಪ್ಪಿದ್ದಳು ಎಂದರೆ ಇಂದು ಇವನಿಗೂ ಒಪ್ಪಿದ್ದಳು ಎಂದಲ್ಲ.

◆ ನಮ್ಮ ಮದುವೆಗಳು ಮುರಿಯುವುದೇ ಇಲ್ಲ ಎಂದು ಎದೆಯುಬ್ಬಿಸುವವರು ಈ ಲೆಕ್ಕ ನೋಡಬೇಕು. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ವಿಚ್ಛೇದನ ಪಡೆದವರು ವಿವಾಹಿತರ ಸಂಖ್ಯೆಯ ಶೇ 0.24ರಷ್ಟು. ಬೇರೆಯಾಗಿ ಬದುಕುತ್ತಿರುವವರು ಶೇ 0.61, ಅಂದರೆ ಎರಡೂವರೆ ಪಟ್ಟು. ಸೋಡಚೀಟಿಯೂ ಇಲ್ಲದೆ, ಜೀವನಾಂಶವೂ ಇಲ್ಲದೆ ತವರಿಗೆ ಬಂದು ಕೂತ ಅಕ್ಕ–ತಂಗಿಯರು ಈ ಎರಡನೆಯ ಸಂಖ್ಯೆಯಲ್ಲಿದ್ದಾರೆ. ಎರಡೂ ಗುಂಪಿನಲ್ಲಿ ಹೆಂಗಸರೇ ಹೆಚ್ಚು, ಏಕೆಂದರೆ ಗಂಡಸರು ಬೇಗ ಮರುಮದುವೆಯಾಗುತ್ತಾರೆ.

◆ 2011–12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ಸುಮಾರು ಶೇ 65ರಷ್ಟು ಹೆಂಗಸರು ಗಂಡನನ್ನು ಮೊದಲು ಕಂಡದ್ದು ಮದುವೆಯ ದಿನ ಅಥವಾ ಅದರ ಆಸುಪಾಸಿನಲ್ಲಿ. ಸಂಗಾತಿಯ ‘ಹಿಂದಿನದು’ ಇರಲಿ, ಮುಖವೇ ಗೊತ್ತಿರಲಿಲ್ಲ.

◆ ಮದುವೆಗೆ ಮುಂಚೆ ‘ಏನೂ ಆಗದಿರಲಿ’ ಎಂದು ಹುಡುಗಿಯನ್ನು ಬೇಗ ದಾಟಿಸುವ ಆತುರಕ್ಕೆ ಬೆಲೆ ತೆರುವವಳು ಅವಳೇ. 2019–21ರಲ್ಲಿ ಕರ್ನಾಟಕದ 20ರಿಂದ 24ರ ವಯಸ್ಸಿನ ಹೆಂಗಸರಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮುಂಚೆಯೇ ಮದುವೆಯಾಗಿತ್ತು. ಅಂಥ ಮದುವೆ ಕರ್ನಾಟಕದಲ್ಲಿ ಮೊದಲಿಂದಲೇ ಅಸಿಂಧು. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ನಮ್ಮ ರಾಜ್ಯ ತಂದ ತಿದ್ದುಪಡಿ ಹಾಗೆ ಹೇಳುತ್ತದೆ.

◆ ನಿಜಾಮನ ಕಾಲದ ಬೀದರ್ ಸೀಮೆಯಲ್ಲಿ ಹಲವು ಕನ್ನಡ ಸಮುದಾಯಗಳು ವಿಧವೆಗೆ, ಗಂಡನನ್ನು ಬಿಟ್ಟವಳಿಗೆ ಮರುಮದುವೆ ಮಾಡುತ್ತಿದ್ದವು. ಹೆಸರು ಉಡಿಕಿ. ಸೈಯದ್ ಸಿರಾಜ್ ಉಲ್ ಹಸನ್ 1920ರ ತಮ್ಮ ಜಾತಿ–ಬುಡಕಟ್ಟುಗಳ ಗ್ರಂಥದಲ್ಲಿ ಇದನ್ನು ದಾಖಲಿಸಿದ್ದಾರೆ. ಮೊದಲ ಲಗ್ನದ ಮೆರುಗು ಅದಕ್ಕಿರಲಿಲ್ಲ, ಮಾನವೂ ಕಡಿಮೆಯೇ. ಆದರೂ ಹಿಂದೊಂದು ಸಂಸಾರ ಮಾಡಿದವಳು ಎಂಬ ಕಾರಣಕ್ಕೆ ಆಕೆ ಇನ್ನೊಂದು ಸಂಸಾರ ನಡೆಸಲಾರಳು ಎಂದು ಆ ಹಿರಿಯರು ತೀರ್ಮಾನಿಸಿರಲಿಲ್ಲ. ಹೊಲ, ದನ, ಮಕ್ಕಳು, ಅತ್ತೆಯ ಮನೆ ಎಲ್ಲವನ್ನೂ ಅವಳ ಕೈಗೆ ಕೊಟ್ಟಿದ್ದರು.

◆ ಸ್ವಾನ್ಸಿ ವಿಶ್ವವಿದ್ಯಾಲಯದ ಆ್ಯಂಡ್ರ್ಯೂ ಥಾಮಸ್ ಮತ್ತು ಸಂಗಡಿಗರು 11 ದೇಶಗಳ 5,331 ಜನರನ್ನು ವಿಚಾರಿಸಿ 2025ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಬ್ಬರ ಹಿಂದಿನ ಸಂಗಾತಿಗಳ ಸಂಖ್ಯೆ ಹೆಚ್ಚಾದಷ್ಟೂ ಅವರೊಂದಿಗೆ ದೀರ್ಘಕಾಲದ ಸಂಬಂಧಕ್ಕೆ ಜನ ಹಿಂಜರಿದರು. ಆದರೆ ಆ ಸಂಬಂಧಗಳು ಹಳೆಯವಾಗಿದ್ದು, ಬರಬರುತ್ತ ಕಡಿಮೆಯಾಗಿವೆ ಎಂದು ತಿಳಿದಾಗ ಹಿಂಜರಿಕೆ ಇಳಿಯಿತು. ಇನ್ನೂ ಒಂದು ಅಚ್ಚರಿ: ಗಂಡಿಗೊಂದು ಹೆಣ್ಣಿಗೊಂದು ಅಳತೆ ಅಲ್ಲಿ ಹೆಚ್ಚೇನೂ ಕಾಣಲಿಲ್ಲ.

◆ ಹಾಗಾದರೆ ಸಂಬಂಧ ಚೆನ್ನಾಗಿರುವುದನ್ನು ಯಾವುದು ಹೇಳುತ್ತದೆ? 2020ರಲ್ಲಿ ಸಮಂತಾ ಜೋಯೆಲ್ ನೇತೃತ್ವದಲ್ಲಿ ಹಲವು ದೇಶಗಳ ಸಂಶೋಧಕರು 43 ಅಧ್ಯಯನಗಳ, 11,196 ಜೋಡಿಗಳ ಮಾಹಿತಿಯನ್ನು ಕಂಪ್ಯೂಟರಿಗೆ ಉಣಿಸಿ ಇದನ್ನೇ ಹುಡುಕಿದರು. ಮೊದಲ ಸ್ಥಾನಕ್ಕೆ ಬಂದದ್ದು ‘ನನ್ನ ಸಂಗಾತಿ ಈ ಸಂಬಂಧಕ್ಕೆ ಬದ್ಧ’ ಎಂಬ ನಂಬಿಕೆ. ಆಮೇಲೆ ಒಬ್ಬರನ್ನೊಬ್ಬರು ಮೆಚ್ಚುವುದು, ದೈಹಿಕ ತೃಪ್ತಿ, ಸಂಗಾತಿ ಸಂತೋಷವಾಗಿದ್ದಾರೆ ಎಂಬ ಭಾವನೆ, ಜಗಳ ಎಷ್ಟು ಎಂಬುದು. ವಯಸ್ಸು, ಸ್ವಭಾವ, ಬೆಳೆದ ಮನೆಯಂಥ ವ್ಯಕ್ತಿಗತ ವಿವರಗಳಿಗಿಂತ ಇಬ್ಬರ ನಡುವೆ ಈಗ ಏನು ನಡೆಯುತ್ತಿದೆ ಎಂಬುದೇ ಹೆಚ್ಚು ಹೇಳಿತು. ನಿಶ್ಚಯಕ್ಕೆ ಮುಂಚೆ ಹುಡುಗ–ಹುಡುಗಿಯನ್ನು ಹತ್ತು ನಿಮಿಷ ಮಾಳಿಗೆಗೆ ಕಳಿಸುವ ಬದಲು ನಾಲ್ಕಾರು ಸಲ ನೆಮ್ಮದಿಯಾಗಿ ಮಾತಾಡಲು ಬಿಟ್ಟರೆ ಇದರಲ್ಲಿ ಬಹಳಷ್ಟು ಅವರಿಗೇ ತಿಳಿಯುತ್ತದೆ.

◆ ಹಿಂದಿನ ಬದುಕಿನಲ್ಲಿ ನಿಜಕ್ಕೂ ಪರೀಕ್ಷಿಸಿ ತಿಳಿಯಬಹುದಾದ, ತಿಳಿಯಲೇಬೇಕಾದ ಸಂಗತಿಯೊಂದಿದೆ: ಸೋಂಕು. 2000ದಲ್ಲಿ ಪ್ರಕಟವಾದ ಚೆನ್ನೈನ ಅಧ್ಯಯನವೊಂದರಲ್ಲಿ ಎಚ್‌ಐವಿ ತಗುಲಿದ್ದ 134 ಹೆಂಗಸರ ಪೈಕಿ ಶೇ 88ರಷ್ಟು ಮಂದಿ ಜೀವನದಲ್ಲಿ ಒಬ್ಬನೊಂದಿಗೇ ಬಾಳಿದವರು. ಅವರ ನಿಷ್ಠೆ ಅವರನ್ನು ಕಾಯಲಿಲ್ಲ. ಜಾತಕ ನೋಡುವ ಹೊತ್ತಿನಲ್ಲೇ ಇಬ್ಬರೂ ಎಚ್‌ಐವಿ, ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಿಕೊಳ್ಳಲಿ. ಇಬ್ಬರೂ ಎಂಬುದು ಮುಖ್ಯ. ಜಿಲ್ಲಾಸ್ಪತ್ರೆ ಮತ್ತು ತಾಲ್ಲೂಕು ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಆಪ್ತಸಲಹೆಯೂ ಉಂಟು. ಒಪ್ಪಿಗೆಯಿಲ್ಲದೆ ರಕ್ತ ಪರೀಕ್ಷಿಸುವಂತಿಲ್ಲ, ಫಲಿತಾಂಶ ಬಯಲು ಮಾಡುವಂತಿಲ್ಲ ಎಂಬುದು 2017ರ ಎಚ್‌ಐವಿ ಕಾಯ್ದೆ. ಫೋನಿನಲ್ಲೇ ಕೇಳಬೇಕೆಂದರೆ ಸಂಖ್ಯೆ 1097, ಹಣ ಕಟ್ಟಬೇಕಾಗಿಲ್ಲ.